ಜಮೀಲಾ ಎಂಬ ರಾಕ್ಷಸ

ಜಪಾನಿನ ದೈತ್ಯಮೃಗಗಳ ಸಿನಿಮಾ ಎಂದರೆ ನಮ್ಮ ಸಾಹಿತಿ ಮಿತ್ರರು ನಗುತ್ತಾರೆ. ರಬ್ಬರಿನ ವೇಷ ತೊಟ್ಟ ಮನುಷ್ಯನೊಬ್ಬ ಆಟಿಕೆ ಕಟ್ಟಡಗಳನ್ನು ಒದ್ದು ಉರುಳಿಸುತ್ತಾನೆ, ಅದರಲ್ಲಿ ಯೋಚಿಸುವಂಥದ್ದು ಏನಿದೆ ಎನ್ನುತ್ತಾರೆ. ಕುರೊಸಾವಾ ಹೆಸರು ಹೇಳಿದರೆ ಕುಳಿತಲ್ಲೇ ನೆಟ್ಟಗಾಗುವವರು ಗಾಡ್ಜಿಲ್ಲಾ ಹೆಸರು ಕೇಳಿದರೆ ಮಕ್ಕಳತ್ತ ಕೈತೋರಿಸುತ್ತಾರೆ. ಆದರೆ 'ಸೆವೆನ್ ಸಮುರಾಯ್' ಮತ್ತು 'ಗಾಡ್ಜಿಲ್ಲಾ' ಎರಡೂ 1954ರಲ್ಲಿ ತೊಹೊ ಎಂಬ ಒಂದೇ ಸಂಸ್ಥೆಯಿಂದ ಬಂದವು. ತಕಾಶಿ ಶಿಮುರಾ ಎಂಬ ಒಬ್ಬನೇ ನಟ ಎರಡರಲ್ಲೂ ಇದ್ದಾನೆ. ಗಾಡ್ಜಿಲ್ಲಾ ನಿರ್ದೇಶಿಸಿದ ಇಶಿರೊ ಹೊಂಡ ಕುರೊಸಾವಾರ ಆಪ್ತ ಗೆಳೆಯ. ಕುರೊಸಾವಾರ ಕೊನೆಯ ಐದು ಚಿತ್ರಗಳಲ್ಲಿ ಅವರ ಜೊತೆ ನಿಂತು ದುಡಿದವರು ಇದೇ ಹೊಂಡ. ನಗುವವರಿಗೆ ಇದು ಗೊತ್ತಿಲ್ಲ, ತಿಳಿದುಕೊಳ್ಳುವ ಆಸೆಯೂ ಇಲ್ಲ.

ಇನ್ನೊಂದು ಗುಂಪು ಅಭಿಮಾನಿಗಳದು. ಅವರ ಬಳಿ ಪಟ್ಟಿಗಳಿವೆ. 1954ರಲ್ಲಿ ಗಾಡ್ಜಿಲ್ಲಾನ ಎತ್ತರ 50 ಮೀಟರ್, 2014ರ ಹಾಲಿವುಡ್ ಚಿತ್ರದಲ್ಲಿ 108 ಮೀಟರ್. ಅಲ್ಟ್ರಾಮ್ಯಾನ್ ಭೂಮಿಯ ಮೇಲೆ ಹೋರಾಡುವುದು ಮೂರೇ ನಿಮಿಷ. ಮೊದಲ ಬಣ್ಣದ ಚಿತ್ರ ಯಾವುದು, ಐದು ಬಣ್ಣದ ಐದು ವೀರರು ಬಂದದ್ದು ಯಾವ ವರ್ಷ, ಇಷ್ಟೇ ಅವರ ಮೈಲಿಗಲ್ಲುಗಳು. ನಗುವವರೂ ಲೆಕ್ಕ ಹಾಕುವವರೂ ಒಂದು ವಿಷಯದಲ್ಲಿ ಜೊತೆಗಾರರು. ರಾಕ್ಷಸನನ್ನು ಮಾಡಿದವರು ಯಾರು, ಅವನನ್ನು ರಾಕ್ಷಸ ಎಂದು ಕರೆದವರು ಯಾರು ಎಂದು ಇಬ್ಬರೂ ಕೇಳುವುದಿಲ್ಲ.

ನಾವು ಉರ್ದು ಶಾಲೆಯಲ್ಲಿ ಓದುವಾಗ ಅಮೀರ್ ಹಮ್ಜಾನ ದಾಸ್ತಾನಿನ ದೇವ್‌ಗಳ ಕಥೆ ಕೇಳಿದ್ದೆವು. ಕನ್ನಡ ಶಾಲೆಗೆ ಬಂದಾಗ ಬಕಾಸುರನೂ ಹಿಡಿಂಬನೂ ಸಿಕ್ಕರು. ಎರಡೂ ಕಡೆ ರಾಕ್ಷಸ ಸತ್ತ ಕೂಡಲೇ ಕಥೆ ಮುಗಿಯುತ್ತಿತ್ತು, ನಾವು ಚಪ್ಪಾಳೆ ತಟ್ಟುತ್ತಿದ್ದೆವು. ಅವನು ಎಲ್ಲಿಂದ ಬಂದ, ಅವನಿಗೂ ಒಂದು ಮನೆ ಇತ್ತೇ ಎಂದು ಉಸ್ತಾದರೂ ಹೇಳಲಿಲ್ಲ, ಮೇಷ್ಟ್ರೂ ಹೇಳಲಿಲ್ಲ. ಜಪಾನಿನ ಈ 'ಕೀಳು' ಮನರಂಜನೆ ತನ್ನ ಒಳ್ಳೆಯ ಗಳಿಗೆಗಳಲ್ಲಿ ಅದನ್ನು ಹೇಳಿದೆ. ಆ ಗಳಿಗೆಗಳನ್ನೇ ನಾವು ಮೈಲಿಗಲ್ಲು ಎನ್ನುತ್ತೇವೆ. ಅದನ್ನು ಹೇಳಗೊಡದೆ ಕತ್ತರಿ ಆಡಿಸಿದ ಕೈಗಳ ಲೆಕ್ಕವೂ ಆಗಬೇಕು.

ಮೊದಲ ಗಾಡ್ಜಿಲ್ಲಾ ಹುಟ್ಟಿದ್ದು ಒಂದು ಮೀನುಗಾರಿಕೆ ದೋಣಿಯಿಂದ. 1954ರ ಮಾರ್ಚ್ 1ರಂದು ಅಮೆರಿಕ ಶಾಂತಸಾಗರದ ಬಿಕಿನಿ ಹವಳದ್ವೀಪದಲ್ಲಿ 15 ಮೆಗಾಟನ್ನಿನ ಹೈಡ್ರೋಜನ್ ಬಾಂಬನ್ನು ಸಿಡಿಸಿತು. ಆ ಸಮುದ್ರದಲ್ಲಿ ಟ್ಯೂನಾ ಹಿಡಿಯುತ್ತಿದ್ದ 'ಐದನೇ ಅದೃಷ್ಟದ ಡ್ರ್ಯಾಗನ್' ಎಂಬ ಜಪಾನಿ ದೋಣಿಯ ಮೇಲೆ ಬಿಳಿ ಬೂದಿ ಮಳೆಯಂತೆ ಸುರಿಯಿತು. ದೋಣಿಯಲ್ಲಿ 23 ಜನರಿದ್ದರು. ಎಲ್ಲರೂ ವಿಕಿರಣದಿಂದ ಕಾಯಿಲೆ ಬಿದ್ದರು. ದೋಣಿಯ ರೇಡಿಯೋ ನಿರ್ವಾಹಕ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನಿನಲ್ಲಿ ಜನ ಮೀನು ತಿನ್ನಲು ಹೆದರಿದರು. ಟೋಕಿಯೋದ ಸುಗಿನಾಮಿ ಭಾಗದ ಗೃಹಿಣಿಯರು ಬಾಂಬ್ ವಿರುದ್ಧ ಸಹಿ ಸಂಗ್ರಹಕ್ಕೆ ಇಳಿದರು. ಮರುವರ್ಷದ ಆಗಸ್ಟ್ ಹೊತ್ತಿಗೆ ದೇಶದಾದ್ಯಂತ ಸಹಿಗಳ ಸಂಖ್ಯೆ ಮೂರು ಕೋಟಿ ದಾಟಿತ್ತು. ಕುಬೊಯಾಮಾ ಸತ್ತು ಆರು ವಾರ ತುಂಬುವ ಮೊದಲೇ, ನವೆಂಬರ್ 3ರಂದು, 'ಗೊಜಿರಾ' ತೆರೆಗೆ ಬಂತು. ಗೊರಿಲ್ಲಾ ಮತ್ತು ತಿಮಿಂಗಿಲದ ಜಪಾನಿ ಹೆಸರುಗಳನ್ನು ಬೆಸೆದು ಮಾಡಿದ ಹೆಸರು ಅದು.

ಸಿನಿಮಾದ ಮೊದಲ ದೃಶ್ಯವೇ ಸಮುದ್ರದ ಮೇಲೆ ಕಣ್ಣು ಕೋರೈಸುವ ಬೆಳಕು, ಸುಟ್ಟುಹೋಗುವ ದೋಣಿ. ನೋಡುತ್ತಿದ್ದವರಿಗೆ ಯಾರೂ ಅರ್ಥ ಬಿಡಿಸಿ ಹೇಳಬೇಕಿರಲಿಲ್ಲ. ರೈಲಿನಲ್ಲಿ ಕುಳಿತ ಹೆಂಗಸೊಬ್ಬಳು ತಾನು ನಾಗಸಾಕಿಯಿಂದ ಬದುಕಿ ಬಂದದ್ದು ಇದಕ್ಕೇನಾ ಎಂದು ಗೊಣಗುತ್ತಾಳೆ. ಉರಿಯುವ ಬೀದಿಯಲ್ಲಿ ತಾಯಿಯೊಬ್ಬಳು ಮಕ್ಕಳನ್ನು ತಬ್ಬಿಕೊಂಡು, ಇನ್ನೇನು ನಿಮ್ಮ ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಎನ್ನುತ್ತಾಳೆ. ಆಸ್ಪತ್ರೆಯಲ್ಲಿ ಮಗುವಿನ ಮೈಗೆ ವಿಕಿರಣ ಅಳೆಯುವ ಯಂತ್ರ ಹಿಡಿಯುತ್ತಾರೆ. ಹೊಂಡ ಯುದ್ಧದಿಂದ ಊರಿಗೆ ಮರಳುವಾಗ ಹಿರೋಶಿಮಾವನ್ನು ಹಾದು ಬಂದವರು. ಗಾಡ್ಜಿಲ್ಲಾನನ್ನು ಕೊಲ್ಲುವ ಅಸ್ತ್ರ ಕಂಡುಹಿಡಿದ ವಿಜ್ಞಾನಿ ಸೆರಿಜಾವಾ ಆ ಅಸ್ತ್ರದ ಕಾಗದಗಳನ್ನು ಸುಟ್ಟು, ಗುಟ್ಟು ಯಾವ ಸರ್ಕಾರದ ಕೈಗೂ ಸಿಗಬಾರದೆಂದು ತಾನೂ ಸಮುದ್ರದಡಿಯಲ್ಲಿ ಉಳಿದುಬಿಡುತ್ತಾನೆ. ಕೊನೆಗೆ ಶಿಮುರಾನ ಪಾತ್ರ, ಬಾಂಬ್ ಪರೀಕ್ಷೆ ನಿಲ್ಲದಿದ್ದರೆ ಇನ್ನೊಂದು ಗಾಡ್ಜಿಲ್ಲಾ ಬರುತ್ತದೆ ಎಂದು ಎಚ್ಚರಿಸುತ್ತದೆ. 96 ಲಕ್ಷ ಟಿಕೆಟ್ ಮಾರಾಟವಾದ ಚಿತ್ರ ಇದು. ಅಷ್ಟೂ ಜನ ರಬ್ಬರ್ ವೇಷ ನೋಡಲೆಂದೇ ಹೋಗಿದ್ದರು ಎನ್ನುವವರು ಆ ಜನರನ್ನು ಅವಮಾನಿಸುತ್ತಾರೆ.

ಈ ಚಿತ್ರ ಅಮೆರಿಕಕ್ಕೆ ಹೋದಾಗ ಏನಾಯಿತು? 96 ನಿಮಿಷದ ಚಿತ್ರ 1956ರಲ್ಲಿ 80 ನಿಮಿಷವಾಯಿತು. ನಾಗಸಾಕಿಯ ಮಾತು ಹೋಯಿತು, ಕೊನೆಯ ಎಚ್ಚರಿಕೆಯೂ ಹೋಯಿತು. ಬದಲಿಗೆ ರೇಮಂಡ್ ಬರ್ ಎಂಬ ಅಮೆರಿಕನ್ ನಟನನ್ನು ಪತ್ರಕರ್ತನನ್ನಾಗಿ ಮಾಡಿ, ಅವನು ಪಕ್ಕದಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಾನೆ ಎಂಬಂತೆ ಹೊಸ ದೃಶ್ಯಗಳನ್ನು ಅಂಟಿಸಿದರು. ಅವನ ಬಾಯಲ್ಲಿ ಚಿತ್ರ ಮುಗಿಯುವುದು, ಅಪಾಯ ಕಳೆಯಿತು, ಲೋಕ ಇನ್ನು ನೆಮ್ಮದಿಯಾಗಿ ಬದುಕಬಹುದು ಎಂಬ ಸಮಾಧಾನದೊಂದಿಗೆ. ಬಾಂಬ್ ಹಾಕಿದವನೇ ಬಂದು, ಏಟು ತಿಂದವನ ಸಾಕ್ಷಿಯನ್ನು ತನಗೆ ಬೇಕಾದಂತೆ ತಿದ್ದಿ ಓದಿದ ಹಾಗಾಯಿತು. ಹೊಂಡರ ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾಗಲು 2004 ಬರಬೇಕಾಯಿತು.

ಕತ್ತರಿ ಅಲ್ಲಿಗೆ ನಿಲ್ಲಲಿಲ್ಲ. 1998ರ ಮೇ ತಿಂಗಳಲ್ಲಿ ಹಾಲಿವುಡ್ ತನ್ನದೇ ಗಾಡ್ಜಿಲ್ಲಾ ಮಾಡಿತು. ಅದರಲ್ಲಿ ಮೃಗವನ್ನು ಹುಟ್ಟಿಸಿದ್ದು ಅಮೆರಿಕದ ಬಾಂಬಲ್ಲ, ಪಾಲಿನೇಷ್ಯಾದಲ್ಲಿ ಫ್ರಾನ್ಸ್ ನಡೆಸಿದ ಪರೀಕ್ಷೆ! 2014ರ ಚಿತ್ರ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. 1954ರಲ್ಲಿ ಶಾಂತಸಾಗರದಲ್ಲಿ ಸಿಡಿಸಿದ್ದು ಪರೀಕ್ಷೆಗಾಗಿ ಅಲ್ಲವೇ ಅಲ್ಲ, ಗಾಡ್ಜಿಲ್ಲಾನನ್ನು ಕೊಲ್ಲಲಿಕ್ಕೆ ಎಂದಿತು. ಬಾಂಬಿನಿಂದ ರಾಕ್ಷಸ ಹುಟ್ಟಿದ ಎಂಬ ಕಥೆ, ರಾಕ್ಷಸನಿದ್ದ ಕಾರಣ ಬಾಂಬ್ ಬೇಕಾಯಿತು ಎಂದು ತಲೆಕೆಳಗಾಯಿತು. ಇದನ್ನು ಬರೀ ಕಥೆಗಾರರ ಸ್ವಾತಂತ್ರ್ಯ ಎಂದು ಬಿಟ್ಟುಬಿಡಲು ನಾವು ತಯಾರಿಲ್ಲ. ಆ ಬಾಂಬಿನ ಬೂದಿ ಜಪಾನಿ ದೋಣಿಯ ಮೇಲಷ್ಟೇ ಅಲ್ಲ, ಮಾರ್ಷಲ್ ದ್ವೀಪಗಳ ರೊಂಗೆಲಾಪ್ ಜನರ ಮೇಲೂ ಬಿದ್ದಿತ್ತು. ಅವರ ಕಥೆಗೆ ಇಂದಿಗೂ ಯಾವ ಸ್ಟುಡಿಯೋ ಬಣ್ಣ ಬಳಿದಿಲ್ಲ.

1998ರ ಆ ಮೇ ತಿಂಗಳು ನಮಗೆ ಬೇರೆ ಕಾರಣಕ್ಕೂ ನೆನಪಿದೆ. ನಾವಾಗ ಕಾಲೇಜು ಹುಡುಗರು. 11 ಮತ್ತು 13ರಂದು ಪೋಖ್ರಾನ್‌ನಲ್ಲಿ ನಮ್ಮ ಬಾಂಬುಗಳು, 28ರಂದು ಚಾಗಾಯ್‌ಯಲ್ಲಿ ಪಾಕಿಸ್ತಾನದ ಬಾಂಬುಗಳು. ನಡುವೆ, 20ರಂದು, ಅಮೆರಿಕದಲ್ಲಿ ಆ ಚಿತ್ರದ ಬಿಡುಗಡೆ. ಗಡಿಯ ಎರಡೂ ಕಡೆ ಸಿಹಿ ಹಂಚಿದರು. ಆಮೇಲೆ ಆ ಚಿತ್ರ ಇಲ್ಲಿಗೂ ಬಂದಾಗ ಟಿಕೆಟ್ ಕೊಂಡು ನೋಡಿ ಸಿಳ್ಳೆ ಹಾಕಿದೆವು. ಆ ಮೃಗಕ್ಕೂ ನಮ್ಮ ಬಾಯಲ್ಲಿದ್ದ ಸಿಹಿಗೂ ಸಂಬಂಧವಿದೆ ಎಂದು ನಮಗೆ ಹೊಳೆಯಲೇ ಇಲ್ಲ. ಹೊಳೆಯಬೇಕಾದ ಮಾತನ್ನು ಕತ್ತರಿಸಿಯೇ ಚಿತ್ರವನ್ನು ನಮ್ಮ ಕೈಗಿಟ್ಟಿದ್ದರು.

ಹಾಗೆಂದು ಜಪಾನನ್ನು ಅಮಾಯಕನ ಪೀಠದಲ್ಲಿ ಕೂರಿಸಲು ನಾವು ಹೊರಟಿಲ್ಲ. ಗಾಡ್ಜಿಲ್ಲಾನ ತಂತ್ರಜ್ಞ ಎಇಜಿ ಸುಬುರಾಯಾ ಪುಟ್ಟ ಮಾದರಿಗಳನ್ನು ಸುಡುವ ವಿದ್ಯೆಯಲ್ಲಿ ಪಳಗಿದ್ದು ಎಲ್ಲಿ? 1942ರ 'ಹವಾಯಿಯಿಂದ ಮಲಯದವರೆಗೆ ಸಮುದ್ರಯುದ್ಧ' ಎಂಬ ಪ್ರಚಾರ ಚಿತ್ರದಲ್ಲಿ. ಪರ್ಲ್ ಹಾರ್ಬರಿನ ದಾಳಿಯನ್ನು ಹೆಮ್ಮೆಯಿಂದ ತೋರಿಸಿದ ಚಿತ್ರ ಅದು. ಇನ್ನೂ ಒಂದು ಸಂಗತಿ ಇದೆ. ನಿರ್ಮಾಪಕ ತೊಮೊಯುಕಿ ತನಾಕಾ 1954ರಲ್ಲಿ ಮಾಡಲು ಹೊರಟಿದ್ದು ಗಾಡ್ಜಿಲ್ಲಾ ಅಲ್ಲ, ಇಂಡೋನೇಷ್ಯಾದ ಜೊತೆಗೂಡಿ ತೆಗೆಯಬೇಕಿದ್ದ ಬೇರೊಂದು ಚಿತ್ರ. ಇಂಡೋನೇಷ್ಯಾ ಸರ್ಕಾರ ವೀಸಾ ಕೊಡಲಿಲ್ಲ. 1942ರಿಂದ 1945ರವರೆಗೆ ಜಪಾನಿ ಸೈನ್ಯ ಆ ದೇಶವನ್ನು ತುಳಿದಿತ್ತು, ಲಕ್ಷಾಂತರ ಜನರನ್ನು 'ರೊಮುಷಾ' ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಮೆಗೆ ಎಳೆದೊಯ್ದಿತ್ತು. ಆ ಗಾಯ ಒಣಗಿರಲಿಲ್ಲ. ಬರಿಗೈಯಲ್ಲಿ ಜಕಾರ್ತಾದಿಂದ ಹಿಂದಿರುಗುವಾಗ ವಿಮಾನದಲ್ಲಿ ಕುಳಿತು ತನಾಕಾ ಸಮುದ್ರದ ಮೃಗದ ಕಥೆ ಯೋಚಿಸಿದರು. ತನ್ನ ಮೇಲೆ ಬಿದ್ದ ಬಾಂಬಿನ ಬಗ್ಗೆ ಅತ್ತ ಸಿನಿಮಾ, ತಾನು ಬೇರೆಯವರ ಮೇಲೆ ಹಾಕಿದ ಬಾಂಬಿನ ಬಗ್ಗೆ ಬಾಯಿ ಬಿಡಲಿಲ್ಲ. ತನ್ನ ಗಾಯ ತೋರಿಸುವ ಪ್ರತಿ ಸಮುದಾಯವೂ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು, ನಾವೂ ಸೇರಿ.

1961ರ 'ಮೊಥ್ರಾ'ದಲ್ಲಿ ಈ ಇಬ್ಬಗೆ ಕಣ್ಣಿಗೆ ಹೊಡೆಯುತ್ತದೆ. 'ರೊಲಿಸಿಕಾ' ಎಂಬ ಮಹಾಶಕ್ತಿ, ಅಂದರೆ ರಷ್ಯಾವನ್ನೂ ಅಮೆರಿಕವನ್ನೂ ಕಲಸಿ ಮಾಡಿದ ದೇಶ, ಬಾಂಬ್ ಪರೀಕ್ಷೆ ನಡೆಸಿದ ದ್ವೀಪದಲ್ಲಿ ಜನ ಇನ್ನೂ ಬದುಕಿದ್ದಾರೆ. ಅಲ್ಲಿನ ಇಬ್ಬರು ಗೇಣುದ್ದದ ಹೆಣ್ಣುಮಕ್ಕಳನ್ನು ವ್ಯಾಪಾರಿಯೊಬ್ಬ ಕದ್ದು ತಂದು ರಂಗದ ಮೇಲೆ ಹಾಡಿಸಿ ಹಣ ಮಾಡುತ್ತಾನೆ. ಅವರನ್ನು ಬಿಡಿಸಲು ದೈತ್ಯ ಪತಂಗ ಬರುತ್ತದೆ. ನಗರಗಳು ನಾಶವಾಗುತ್ತವೆ, ಆದರೂ ಆ ಮೃಗವನ್ನು ಯಾರೂ ಕೊಲ್ಲುವುದಿಲ್ಲ. ಕದ್ದದ್ದನ್ನು ಹಿಂದಿರುಗಿಸಿದ ಮೇಲೆ ಅದು ಮನೆಗೆ ಹೋಗುತ್ತದೆ. ಇಷ್ಟು ನ್ಯಾಯವಾದ ಕಥೆ! ಆ ಹೆಣ್ಣುಮಕ್ಕಳು ಹಾಡುವ ಹಾಡಿನ ಭಾಷೆ ಇಂಡೋನೇಷ್ಯಾದ್ದು. ಆದರೆ ಆ ದ್ವೀಪದ ಜನರಾಗಿ ಕುಣಿದವರು ಮೈಗೆ ಕಂದು ಬಣ್ಣ ಬಳಿದುಕೊಂಡ ಜಪಾನಿಗಳು. ನ್ಯಾಯ ಕೇಳಿದ ಚಿತ್ರವೇ ಯಾರಿಗಾಗಿ ಕೇಳಿತೋ ಅವರ ಮುಖವನ್ನು ತೆರೆಗೆ ಬರಗೊಡಲಿಲ್ಲ.

ಈಗ ಟಿ.ವಿ.ಗೆ ಬರೋಣ. 1966ರ ಜುಲೈಯಲ್ಲಿ ಸುಬುರಾಯಾ ಅವರ ಸಂಸ್ಥೆ 'ಅಲ್ಟ್ರಾಮ್ಯಾನ್' ಆರಂಭಿಸಿತು. ವಾರಕ್ಕೊಂದು ಮೃಗ, ವಾರಕ್ಕೊಂದು ವಧೆ. ಇದರ ಮುಖ್ಯ ಬರಹಗಾರ ತೆತ್ಸುವೊ ಕಿಂಜೊ ಓಕಿನಾವಾದವರು. 1945ರ ಓಕಿನಾವಾ ಕದನವನ್ನು ಮಗುವಾಗಿ ಕಂಡವರು. 1972ರ ಮೇ 15ರವರೆಗೆ ಓಕಿನಾವಾ ಅಮೆರಿಕದ ಆಡಳಿತದಲ್ಲಿತ್ತು, ಅಲ್ಲಿಯವರು ಟೋಕಿಯೋಗೆ ಬರಲೂ ಪ್ರಯಾಣಪತ್ರ ಬೇಕಿತ್ತು. ತಮ್ಮದೇ ದೇಶದಲ್ಲಿ ಪರಕೀಯನಾಗಿ ಬದುಕುವುದು ಏನೆಂದು ಕಿಂಜೊಗೆ ಯಾರೂ ಕಲಿಸಬೇಕಿರಲಿಲ್ಲ. 1968ರಲ್ಲಿ 'ಅಲ್ಟ್ರಾಸೆವೆನ್' ಸರಣಿಗೆ ಅವರು ನಾನ್‌ಮಾಲ್ಟರೆಂಬ ಸಮುದ್ರವಾಸಿಗಳ ಕಥೆ ಬರೆದರು. ಭೂಮಿಯ ಮೊದಲ ನಿವಾಸಿಗಳು ಅವರೇ ಎನ್ನುತ್ತದೆ ಕಥೆ. ಮನುಷ್ಯರೇ ಅವರನ್ನು ಸಮುದ್ರಕ್ಕೆ ಓಡಿಸಿದ ಆಕ್ರಮಣಕಾರರು. ಇದನ್ನು ಕೇಳಿದ ರಕ್ಷಣಾ ತಂಡದ ನಾಯಕ ಒಂದು ಕ್ಷಣ ಹಿಂಜರಿದು, ಆಮೇಲೆ ಅವರ ನಗರವನ್ನು ಸ್ಫೋಟಿಸಿ, ಸಮುದ್ರವೂ ನಮ್ಮದಾಯಿತು ಎಂದು ಗೆಲುವು ಸಾರುತ್ತಾನೆ. ಇದು ಮಕ್ಕಳ ಕಾರ್ಯಕ್ರಮ!

ನಮ್ಮ ಶೀರ್ಷಿಕೆಯ ಜಮೀಲಾ ಬರುವುದು ಅಲ್ಟ್ರಾಮ್ಯಾನ್ ಸರಣಿಯ 23ನೇ ಕಂತಿನಲ್ಲಿ. ಪ್ರಸಾರವಾದದ್ದು 1966ರ ಡಿಸೆಂಬರ್‌ನಲ್ಲಿ. ಬರೆದವರು ಮಮೊರು ಸಸಾಕಿ, ನಿರ್ದೇಶಕರು ಅಕಿಯೊ ಜಿಸ್ಸೋಜಿ. ಟೋಕಿಯೋದಲ್ಲಿ ಅಂತರರಾಷ್ಟ್ರೀಯ ಶಾಂತಿ ಸಮ್ಮೇಳನ. ಪ್ರತಿನಿಧಿಗಳ ವಿಮಾನ, ಹಡಗುಗಳು ಕಾಣದ ಕೈಯಿಂದ ನಾಶವಾಗುತ್ತಿವೆ. ಕೊನೆಗೆ ಶತ್ರು ಸಿಕ್ಕುತ್ತಾನೆ, ಬಿರುಕು ಬಿಟ್ಟ ಒಣ ಮಣ್ಣಿನಂಥ ಮೈಯ ಮೃಗ. ಪ್ಯಾರಿಸ್‌ನಿಂದ ಬಂದ ಅಧಿಕಾರಿಗೆ ಮಾತ್ರ ಅದರ ಗುರುತು ಗೊತ್ತು. ಅದು ಮೃಗವಲ್ಲ, ಮನುಷ್ಯ. ಬಾಹ್ಯಾಕಾಶ ಸ್ಪರ್ಧೆಯಲ್ಲಿ ಒಂದು ದೇಶ ಕಳಿಸಿದ ಗಗನಯಾತ್ರಿ. ದಾರಿ ತಪ್ಪಿದಾಗ ಆ ದೇಶ ಅವನನ್ನು ಕೈಬಿಟ್ಟು ಸುದ್ದಿಯನ್ನು ಮುಚ್ಚಿತು. ನೀರಿಲ್ಲದ ಗ್ರಹವೊಂದರಲ್ಲಿ ಅವನ ದೇಹ ಹೀಗಾಯಿತು. ಅಧಿಕಾರಿಯ ಆಜ್ಞೆ ಸ್ಪಷ್ಟ: ಗುರುತು ಹೊರಬೀಳಬಾರದು, ಬರೀ ಒಂದು ಮೃಗವೆಂದೇ ಕೊಂದು ಮುಗಿಸಬೇಕು. ಇದೆ ಎಂಬ ತಂಡದ ಸದಸ್ಯ ಮಾತ್ರ ತಾನು ಹೋರಾಡುವುದಿಲ್ಲ ಎಂದು ಹಟ ಹಿಡಿಯುತ್ತಾನೆ.

ಜಮೀಲಾನ ಸಾವಿಗೆ ಬಳಸಿದ್ದು ಯಾವ ಕಿರಣವನ್ನೂ ಅಲ್ಲ, ನೀರನ್ನು. ನೀರಿಲ್ಲದೆ ಮೃಗವಾದವನನ್ನು ಅಲ್ಟ್ರಾಮ್ಯಾನ್ ನೀರು ಹರಿಸಿಯೇ ಕೊಲ್ಲುತ್ತಾನೆ. ಸಮ್ಮೇಳನದ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ ದೇಶಗಳ ಬಾವುಟಗಳನ್ನು ಕೆಡವುತ್ತಾ, ಕೆಸರಿನಲ್ಲಿ ತೆವಳುತ್ತಾ, ಮಗುವಿನಂತೆ ಅಳುತ್ತಾ ಅವನು ಸಾಯುತ್ತಾನೆ. ಆಮೇಲೆ ಅವನಿಗೊಂದು ಗೋರಿಫಲಕ, ಅದರಲ್ಲಿ ಮಾನವಕುಲದ ಕನಸಿಗಾಗಿ ಬಲಿಯಾದವನೆಂಬ ಹೊಗಳಿಕೆ. ಅದನ್ನು ಓದಿ ಇದೆ, ಇವರ ಮಾತುಗಳು ಮಾತ್ರ ಯಾವಾಗಲೂ ಚೆಂದ ಎಂಬರ್ಥದ ಮಾತಾಡುತ್ತಾನೆ. ಬರಹಗಾರ ಆ ಹೆಸರನ್ನು ತೆಗೆದುಕೊಂಡದ್ದು ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟದಲ್ಲಿ ಫ್ರೆಂಚ್ ಸೈನಿಕರ ಚಿತ್ರಹಿಂಸೆಗೆ ಒಳಗಾದ ಜಮೀಲಾ ಎಂಬ ತರುಣಿಯಿಂದ. ಅರಬ್ಬಿಯಲ್ಲಿ ಜಮೀಲಾ ಎಂದರೆ ಸುಂದರಿ. ಪ್ಯಾರಿಸ್ ಆ ತರುಣಿಯನ್ನು ಭಯೋತ್ಪಾದಕಿ ಎಂದಿತ್ತು. ಟೋಕಿಯೋದ ಬರಹಗಾರನೊಬ್ಬ ಅವಳ ಹೆಸರನ್ನು ಮೃಗಕ್ಕಿಟ್ಟು, ಹೀಗೆ ಕರೆದವರು ಯಾರೆಂದು ನೋಡಿ ಎಂದು ಮಕ್ಕಳಿಗೆ ತೋರಿಸಿದ. ನಮ್ಮ ಮನೆಗಳಲ್ಲಿ, ನಮ್ಮ ಬೀದಿಗಳಲ್ಲಿ ಎಷ್ಟು ಜಮೀಲಾಗಳಿಲ್ಲ! ಈ ಹೆಸರನ್ನು ಆ ಪಟ್ಟಿಗಳಲ್ಲಿ '23ನೇ ಕಂತಿನ ಮೃಗ, ಎತ್ತರ 50 ಮೀಟರ್' ಎಂದಷ್ಟೇ ಓದಿ ಮುಂದೆ ಹೋಗಲು ನಮ್ಮಿಂದಾಗದು.

ಇನ್ನೊಬ್ಬ ಓಕಿನಾವಾ ಲೇಖಕ ಶೋಜೊ ಉಏಹಾರಾ ಇದಕ್ಕಿಂತ ಕಠಿಣವಾದದ್ದನ್ನು ಬರೆದರು. 'ಅಲ್ಟ್ರಾಮ್ಯಾನ್ ಮರಳಿ ಬಂದ' ಸರಣಿಯ 33ನೇ ಕಂತು, ಪ್ರಸಾರ 1971ರ ನವೆಂಬರ್ 19. ನದಿಯ ದಂಡೆಯಲ್ಲಿ ಅನಾಥ ಹುಡುಗನೊಬ್ಬ ದಿನವಿಡೀ ಗುಂಡಿ ತೋಡುತ್ತಾನೆ. ಅವನು ಅನ್ಯಗ್ರಹದವನು ಎಂದು ಊರಲ್ಲಿ ಗುಲ್ಲು. ಹುಡುಗರು ಅವನನ್ನು ಕುತ್ತಿಗೆವರೆಗೆ ಹೂತು ಹಿಂಸಿಸುತ್ತಾರೆ. ಅಂಗಡಿಯಲ್ಲಿ ಅವನಿಗೆ ಬ್ರೆಡ್ಡು ಕೊಡುವುದಿಲ್ಲ. ಅಂಗಡಿಯ ಹುಡುಗಿ ಮಾತ್ರ ಹಿಂದೆ ಓಡಿಬಂದು ಕೊಡುತ್ತಾಳೆ. ಕರುಣೆ ಬೇಡ ಎನ್ನುತ್ತಾನೆ ಹುಡುಗ. ಕರುಣೆಯಲ್ಲ, ನಮ್ಮದು ಬ್ರೆಡ್ಡಿನ ಅಂಗಡಿ ಅದಕ್ಕೆ ಮಾರುತ್ತಿದ್ದೇನೆ ಎನ್ನುತ್ತಾಳೆ ಅವಳು. ನಿಜದಲ್ಲಿ ಅನ್ಯಗ್ರಹದವನು ಅವನನ್ನು ಸಾಕಿದ ಕಾಯಿಲೆಯ ಮುದುಕ. ಊರಿನ ಜನ ಗುಂಪುಗಟ್ಟಿ ಬರುತ್ತಾರೆ. ಹುಡುಗನನ್ನು ಉಳಿಸಲು ಮುದುಕ ಹೊರಗೆ ಬಂದು ನಾನೇ ಅವನು ಎನ್ನುತ್ತಾನೆ. ಪೊಲೀಸಿನವನ ಗುಂಡು ಅವನನ್ನು ಕೊಲ್ಲುತ್ತದೆ. ಮುದುಕ ತನ್ನ ಶಕ್ತಿಯಿಂದ ನೆಲದಡಿ ಕಟ್ಟಿಹಾಕಿದ್ದ ಮೃಗ ಆಗ ಎದ್ದು ಬರುತ್ತದೆ. ಕೊಂದ ಜನರೇ ಕಾಪಾಡಿ ಎಂದು ಕೂಗುತ್ತಾರೆ. ನಾಯಕ ಹೊಡೆದಾಡಲು ಒಪ್ಪದೆ ನೆಲದ ಮೇಲೆ ಕೂತುಬಿಡುತ್ತಾನೆ, ಇದನ್ನು ಕರೆತಂದವರು ನೀವೇ ಎಂದು ಮನಸ್ಸಿನಲ್ಲೇ ಅನ್ನುತ್ತಾನೆ.

ಉಏಹಾರಾ ನೆನೆಸಿಕೊಂಡದ್ದು 1923ರ ಸೆಪ್ಟೆಂಬರನ್ನು. ಟೋಕಿಯೋ ಭಾಗದ ಮಹಾಭೂಕಂಪದ ಮರುದಿನಗಳಲ್ಲಿ, ಕೊರಿಯನ್ನರು ಬಾವಿಗೆ ವಿಷ ಹಾಕುತ್ತಿದ್ದಾರೆ ಎಂಬ ಅಫವಾ ಹಬ್ಬಿತು. ಬೀದಿಬೀದಿಗಳಲ್ಲಿ ಕಾವಲು ದಳಗಳು ಎದ್ದವು. ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೆಲವು ಜಪಾನಿ ಪದಗಳನ್ನು ಹೇಳಿಸಿದರು. ಉಚ್ಚಾರ ತಪ್ಪಿದವನ ಪ್ರಾಣ ಹೋಯಿತು. ಸಾವಿರಾರು ಕೊರಿಯನ್ನರು ಸತ್ತರು. ಬಾವಿಯಲ್ಲಿ ವಿಷ ಇರಲಿಲ್ಲ. ಒಂದು ಗುಲ್ಲು, ಒಂದು ಗುಂಪು, ಸುಮ್ಮನಿರುವ ಇಲ್ಲವೇ ಗುಂಪಿನ ಜೊತೆ ಸೇರುವ ಪೊಲೀಸು: ಈ ಮೂರು ಸೇರಿದರೆ ಏನಾಗುತ್ತದೆ ಎಂದು ಈ ಪತ್ರಿಕೆಯ ಓದುಗರಿಗೆ ನಾವು ಬಿಡಿಸಿ ಹೇಳಬೇಕಿಲ್ಲ.

ಮಕ್ಕಳ ಮನರಂಜನೆಯ ಮೇಲೆ ಇಷ್ಟೆಲ್ಲ ಭಾರ ಹೇರಬೇಕೇ ಎಂದು ಕೇಳುವವರಿದ್ದಾರೆ. ಭಾರ ಮೊದಲಿನಿಂದಲೂ ಇದೆ. ಕೊಲ್ಲಬೇಕಾದವನು ಯಾರು ಎಂದು ಮಗು ಮೊದಲು ಕಲಿಯುವುದೇ ಇಂಥ ಆಟಗಳಲ್ಲಿ. ಇವನು ಬೇರೆ, ಇವನ ಮುಖ ಬೇರೆ, ಆದ್ದರಿಂದ ಹೊಡೆ ಎಂದು ಮಗುವಿಗೆ ಹೇಳುವುದು ನಿಮಗೆ ಹಗುರ. ಅವನಿಗೂ ಹಸಿವಿತ್ತು, ಅವನಿಗೂ ಮನೆಯಿತ್ತು ಎಂದು ಹೇಳಿದರೆ ಮಾತ್ರ ಭಾರ! ಈ ಪ್ರಕಾರವೇ ತನ್ನ ತಪ್ಪಿಗೆ ತಲೆಬಾಗಿದ ಉದಾಹರಣೆಯೂ ಇದೆ. 'ಅಲ್ಟ್ರಾಸೆವೆನ್'ನ 12ನೇ ಕಂತಿನ ಅನ್ಯಗ್ರಹಿಯನ್ನು ಮಕ್ಕಳ ಪತ್ರಿಕೆಯೊಂದರ ಕಾರ್ಡು ಬಾಂಬಿನ ಸಂತ್ರಸ್ತರ ಹೆಸರಿನಿಂದಲೇ ಕರೆಯಿತು. 1970ರಲ್ಲಿ ಸಂತ್ರಸ್ತರು ಪ್ರತಿಭಟಿಸಿದರು, ಕಂತನ್ನು ಹಿಂತೆಗೆಯಲಾಯಿತು, ಮತ್ತೆ ಪ್ರಸಾರವಾಗಲೇ ಇಲ್ಲ. ನೊಂದವರನ್ನು ಮೃಗದ ಸಾಲಿನಲ್ಲಿ ನಿಲ್ಲಿಸುವುದು ಹುಡುಗಾಟವಲ್ಲ ಎಂದು ಆ ಜನ ತಿಳಿದಿದ್ದರು.

ಆಮೇಲೆ ಸಂತೆ ಗೆದ್ದಿತು. 1971ರ ಏಪ್ರಿಲ್‌ನಲ್ಲಿ ಶೋತಾರೊ ಇಶಿನೊಮೊರಿ ಅವರ 'ಕಾಮೆನ್ ರೈಡರ್' ಬಂತು. ಅದರ ನಾಯಕ ದುಷ್ಟ ಸಂಘಟನೆಯೇ ಕದ್ದೊಯ್ದು ಮಿಡತೆಯಂತೆ ಮಾರ್ಪಡಿಸಿದ ಯುವಕ. ತಾನು ಕೊಲ್ಲುವ ಮೃಗಗಳೂ ತಾನೂ ಒಂದೇ ಮೇಜಿನ ಮೇಲೆ ಹುಟ್ಟಿದವರು ಎಂಬ ನೋವು ಅವನದು. ಆದರೆ ಪೇಟೆಗೆ ಬಂದದ್ದು ನೋವಲ್ಲ, ತಿಂಡಿ ಪೊಟ್ಟಣದ ಜೊತೆ ಕೊಡುವ ಕಾರ್ಡು. ಮಕ್ಕಳು ಕಾರ್ಡು ಇಟ್ಟುಕೊಂಡು ತಿಂಡಿಯನ್ನು ಎಸೆದರು. ಅದೇ ವರ್ಷ ಗಾಡ್ಜಿಲ್ಲಾ ಕಾರ್ಖಾನೆ ಕೊಳಕಿನಿಂದ ಹುಟ್ಟಿದ 'ಹೆದೊರಾ' ಎಂಬ ಮೃಗದೊಂದಿಗೆ ಸೆಣಸಿತು. ಅದು ಮಿನಮಾತಾದ ಪಾದರಸ ವಿಷದ ವಿರುದ್ಧ, ಯೊಕ್ಕಾಯಿಚಿಯ ಹೊಗೆಯ ವಿರುದ್ಧ ಜನ ನ್ಯಾಯಾಲಯದಲ್ಲಿ ಹೋರಾಡುತ್ತಿದ್ದ ಕಾಲ. 1975ರಲ್ಲಿ 'ಗೊರೆಂಜರ್' ಐದು ಬಣ್ಣದ ಐವರನ್ನು ತಂದಿತು. ಈ ಪರಂಪರೆಯ 1992ರ ಸರಣಿಯೊಂದರ ಹೊಡೆದಾಟಗಳನ್ನು ಅಮೆರಿಕ 1993ರಲ್ಲಿ ಕೊಂಡುಕೊಂಡಿತು. ಮುಖವಾಡ ತೆಗೆದ ಕೂಡಲೇ ಅಮೆರಿಕನ್ ಮುಖ ಕಾಣುವಂತೆ ಹೊಸ ದೃಶ್ಯ ಸೇರಿಸಿ 'ಪವರ್ ರೇಂಜರ್ಸ್' ಎಂದು ಲೋಕಕ್ಕೆಲ್ಲ ಮಾರಿತು. ನಮ್ಮ ಮಕ್ಕಳೂ ಅದನ್ನೇ ನೋಡಿದರು. 1956ರಲ್ಲಿ ರೇಮಂಡ್ ಬರ್‌ನನ್ನು ಅಂಟಿಸಿದ ಅದೇ ಉಪಾಯ ಇದು. ದುಡಿದ ಮೈ ಅವರದು, ತೋರಿಸಿದ ಮುಖ ಇವರದು.

ಎಲ್ಲವೂ ಮುಗಿಯಿತೆಂದು ನಾವು ಹೇಳುವುದಿಲ್ಲ. 2011ರ ಫುಕುಶಿಮಾ ದುರಂತದ ನಂತರ, 2016ರ 'ಶಿನ್ ಗಾಡ್ಜಿಲ್ಲಾ'ದಲ್ಲಿ ಹಿದೆಯಾಕಿ ಅನ್ನೊ ಮೃಗಕ್ಕಿಂತ ಹೆಚ್ಚು ಹೊತ್ತು ಸಭೆಗಳನ್ನು ತೋರಿಸಿದರು. ನಗರ ನಾಶವಾಗುತ್ತಿರುವಾಗ ಅಧಿಕಾರಿಗಳು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಸಭೆ ಬದಲಿಸುತ್ತಾರೆ. 2023ರಲ್ಲಿ ತಕಾಶಿ ಯಮಾಜಾಕಿಯವರ 'ಗಾಡ್ಜಿಲ್ಲಾ ಮೈನಸ್ ಒನ್' ಸಾಯಲು ಕಳಿಸಿದ ಯುವ ವಿಮಾನ ಚಾಲಕನೊಬ್ಬ ಬದುಕಲು ನಿರ್ಧರಿಸುವ ಕಥೆ ಹೇಳಿತು. ತನ್ನ ಯುವಕರ ಪ್ರಾಣವನ್ನು ಅಗ್ಗ ಮಾಡಿದ ರಾಜ್ಯವನ್ನು ಅದು ಬಿಚ್ಚಿ ಬೈಯುತ್ತದೆ. ಆದರೆ ಆ ರಾಜ್ಯ ಚೀನಾದಲ್ಲಿ, ಕೊರಿಯಾದಲ್ಲಿ, ಜಾವಾದಲ್ಲಿ ಅಗ್ಗ ಮಾಡಿದ ಪ್ರಾಣಗಳು ಅದರಲ್ಲೂ ಕಾಣುವುದಿಲ್ಲ. 2024ರ ಮಾರ್ಚ್‌ನಲ್ಲಿ ದೃಶ್ಯ ಚಮತ್ಕಾರಕ್ಕಾಗಿ ಅದಕ್ಕೆ ಆಸ್ಕರ್ ಬಂತು. ಅದೇ ರಾತ್ರಿ ಅತ್ಯುತ್ತಮ ಚಿತ್ರವಾದದ್ದು 'ಆಪನ್‌ಹೈಮರ್'. ಬಾಂಬ್ ಮಾಡಿದವನ ಪಶ್ಚಾತ್ತಾಪಕ್ಕೆ ಮೊದಲ ಬಹುಮಾನ, ಬಾಂಬಿನಿಂದ ಹುಟ್ಟಿದ ಮೃಗಕ್ಕೆ ಚಮತ್ಕಾರದ ಬಹುಮಾನ. ಮೊದಲನೆಯದು ಹಿರೋಶಿಮಾದ ಬೀದಿಯನ್ನು ಒಂದು ಕ್ಷಣವೂ ತೋರಿಸುವುದಿಲ್ಲ. ಅದೇ ವರ್ಷದ ನೊಬೆಲ್ ಶಾಂತಿ ಪ್ರಶಸ್ತಿ ಬಾಂಬ್ ಸಂತ್ರಸ್ತರ ಸಂಘಟನೆ 'ನಿಹೊನ್ ಹಿದಾಂಕ್ಯೊ'ಗೆ ಸಂದಿತು. ದೋಣಿಯ ದುರಂತ ಎಬ್ಬಿಸಿದ ಚಳವಳಿಯಿಂದ 1956ರಲ್ಲಿ ಹುಟ್ಟಿದ ಸಂಘಟನೆ ಅದು. ಆ 'ಐದನೇ ಅದೃಷ್ಟದ ಡ್ರ್ಯಾಗನ್' ದೋಣಿ ಟೋಕಿಯೋದ ಯುಮೆನೊಶಿಮಾದಲ್ಲಿ, ಅಂದರೆ ಕಸ ತುಂಬಿ ಮಾಡಿದ 'ಕನಸಿನ ದ್ವೀಪ'ದಲ್ಲಿ, ಇಂದೂ ನಿಂತಿದೆ. ಗಾಡ್ಜಿಲ್ಲಾನ ಎತ್ತರ ಅಳೆಯುವವರು ಒಮ್ಮೆ ಆ ಮರದ ದೋಣಿಯ ಉದ್ದವನ್ನೂ ಅಳೆದು ಬರಲಿ.

ಕೊನೆಗೊಂದು ಮಾತು. ಜಮೀಲಾ ಬಂದ ಕಾಲದಲ್ಲಿ ಜಪಾನಿನ ಮಕ್ಕಳು ಒಂದು ಆಟ ಆಡುತ್ತಿದ್ದರು. ಅಂಗಿಯ ಕೊರಳನ್ನು ತಲೆಯ ಮೇಲಕ್ಕೆ ಎಳೆದುಕೊಂಡು, ಕತ್ತಿಲ್ಲದ ಜಮೀಲಾನಂತೆ ಕೈ ಚಾಚಿ ನಡೆಯುವ ಆಟ. ಕೊಂದ ವೀರನ ವೇಷ ಹಾಕುವುದು ಮಕ್ಕಳಿಗೆ ಯಾವಾಗಲೂ ಇಷ್ಟ. ಈ ಮಕ್ಕಳು ಸತ್ತವನ ವೇಷವನ್ನೂ ಹಾಕಿದರು. ನಮ್ಮ ಮಕ್ಕಳ ಆಟದಲ್ಲಿ ಯಾರು ವೀರ, ಯಾರು ರಾಕ್ಷಸ, ರಾಕ್ಷಸನಿಗೆ ಇಟ್ಟ ಹೆಸರು ಯಾರದು ಎಂದು ಒಮ್ಮೆ ಅಂಗಳಕ್ಕೆ ಹೋಗಿ ಕೇಳೋಣ. ಉತ್ತರ ಕೇಳಿ ನಗು ಬರುವುದಿಲ್ಲ.